ಎಂಟು ಹನ್ನೆರಡರ ರೈಲು

ನನಗೆ ಸಂಬಳ ಬರುತ್ತಿದ್ದುದು ಕೈಗಳನ್ನು ಎಣಿಸಲು.
ಕೋಬೆಯಿಂದ ಒಸಾಕಕ್ಕೆ, ಎಂಟು ಹನ್ನೆರಡರ ರೈಲು, ಮೂರನೇ ಬೋಗಿ:
ನಮ್ಮ ಆಟದ ಯಂತ್ರ ಎಷ್ಟು, ಅವರದೆಷ್ಟು.
ಗೀಟು, ಗೀಟು, ಗೀಟು, ಗೀಟು, ಅಡ್ಡಗೀಟು.

ಎದುರು ಬಾಗಿಲಲ್ಲಿ ನೀಮಿ. ಅವರ ಕಂಪನಿಯವಳು.
ಅವಳ ಪುಸ್ತಕಕ್ಕೆ ಹಸಿರು ರಟ್ಟು.
ಅಮೆರಿಕದಲ್ಲಿ ಅವರು ಮುಗ್ಗರಿಸಿದ ವಾರ
ನಾನು ಕೊಂಚ ಹೆಚ್ಚೇ ಬಾಗಿ ವಂದಿಸಿದೆ.
ಫ್ರಾನ್ಸಿನಲ್ಲಿ ನಮ್ಮದು ನೆಲಕಚ್ಚಿದಾಗ
ಅವಳು ಪೆಪ್ಪರ್‌ಮಿಂಟು ಕೊಟ್ಟಳು, ಕೇಳದೆ.

ಆಮೇಲೆ ಹೆಬ್ಬೆರಳುಗಳು ಗುಂಡಿ ಒತ್ತುವುದ ಬಿಟ್ಟು
ಗಾಜು ಸವರತೊಡಗಿದವು.
ಫೋನಿಗೆ ನಮ್ಮ ಹಾಳೆಯಲ್ಲಿ ಕಾಲಂ ಇರಲಿಲ್ಲ;
‘ಇತರೆ’ ಎಂದು ಬರೆದೆ.
ಇತರೆ ಅಂಚು ದಾಟಿ ಹಾಳೆಯ ಬೆನ್ನಿಗೂ ಹರಿಯಿತು.

ಮಾರ್ಚ್ ಕೊನೆಯ ಶುಕ್ರವಾರ. ಗೀಟೆಳೆಯಲು ಏನೂ ಇಲ್ಲ.
ಎದುರುಬದುರು ಸೀಟು ಸಿಕ್ಕಿತ್ತು.
ನೀಮಿ ಚೀಲದಿಂದ ತಮ್ಮದನ್ನು ತೆಗೆದಳು, ಕೀಲಿಗೆ ಟೇಪು ಸುತ್ತಿದ್ದು.
ನಾನೂ ನಮ್ಮದನ್ನು.
‘ಹತ್ತಿರದ ಆಟಗಾರರನ್ನು ಹುಡುಕಲಾಗುತ್ತಿದೆ’
ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ,
ಹುಡುಕಿದವು ಎರಡೂ, ಅಮಗಾಸಾಕಿ ದಾಟುವತನಕ.

ಯಾರೂ ಇಲ್ಲ, ಅಂದಿತು ನಂದು.
ಅವಳದೂ ಅದನ್ನೇ.
ಒಂದರ ಮಾತು ಇನ್ನೊಂದಕ್ಕೆ ತಿಳಿಯದಂತೆ
ನಾವೇ ಮಾಡಿದ್ದೆವಲ್ಲ.

ನೀಮಿ ಹಸಿರು ಪುಸ್ತಕ ತೆರೆದು, ನನ್ನ ಕೈ ನೋಡಿ,
ಒಂದು ಗೀಟೆಳೆದಳು.