ವಲ್ಲಿಯ ಕೆಳಗೆ

ಕಿಟಕಿಯ ಸರಳು ಬಗ್ಗಿಸಿ ಬಂದವರು
ಫ್ಯಾನು ಮುಟ್ಟಲಿಲ್ಲ, ಚಿಲ್ಲರೆ ಡಬ್ಬಿ ಮುಟ್ಟಲಿಲ್ಲ,
ಒಯ್ದದ್ದು ಬ್ಯಾಟರಿ ಸತ್ತ ಹಳೆ ಲ್ಯಾಪ್‌ಟಾಪು.
ಶುಕ್ರವಾರದೊಳಗೆ ಬೈನಾದ ಗುತ್ತೇದಾರನಿಗೆ
ಮೂವರು ಹೆಂಗಸರು ಏನೇನು ಹೇಳಿದ್ದರೆಂಬುದು
ನನಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಬರೆದುಕೊಂಡವಳು ನಾನೇ.
ಹೆಸರು, ಊರು, ಎಷ್ಟು ವಾರದ ಪಗಾರ ಬಾಕಿ,
ರಾತ್ರಿ ಯಾರು ಬಾಗಿಲು ಬಡಿದರು,
ಎಲ್ಲ ದುಂಡಗೆ, ಕಾಗುಣಿತ ತಪ್ಪದೆ,
ಪರದೆಯ ಮೊದಲ ಸಾಲಿನಲ್ಲೇ ಇಟ್ಟಿದ್ದೆ:
'ಹೆಂಗಸರ ಹೇಳಿಕೆ'.
ಬೀಗವಿಲ್ಲದ ಮನೆಗೆ ಬೋರ್ಡು ಬೇರೆ.

ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದೆ
ಮೆನಿನೊನ ರಿಪೇರಿ ಅಂಗಡಿ.
ಕಲ್ಲಿದ್ದಲ ಧೂಳು ಒರೆಸಿ ಒರೆಸಿ
ಅವನ ಕೀಬೋರ್ಡುಗಳಿಗೆಲ್ಲ ಒಂದೇ ಬಣ್ಣ.
ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಹೇಳಿದ:
"ಬಾಯ್, ಎರಡು ಕೀಲಿಕೈ.
ಒಂದನ್ನು ಊರಿಗೆಲ್ಲ ಹಂಚು.
ಅದರಿಂದ ಯಾರಾದರೂ ಬೀಗ ಹಾಕಬಹುದು, ತೆಗೆಯಲಾಗದು.
ತೆಗೆಯುವುದು ನಿನ್ನ ಹತ್ತಿರ. ಹೆತ್ತವ್ವನಿಗೂ ಕೊಡಬೇಡ."
ಕೀಲಿಕೈ ಹಂಚುವ ಮಾತು ತಲೆಗೆ ಹೋಗಲಿಲ್ಲ.
ಬಂಗಡೆ ಸುತ್ತಿದ ಪೇಪರಿನ ಮೇಲೆ
ಮೂರು ಸಲ ಚಿತ್ರ ಬರೆದ, ಪಾಪ.

ಆಗ ನೆನಪಾದ ಅಪ್ಪ, ಗುರುವಾರದ ದನದ ಪೇಟೆ.
ಕೊಳ್ಳುವವನ ಕೈ, ಮಾರುವವನ ಕೈ, ಮೇಲೊಂದು ವಲ್ಲಿ.
ಸುತ್ತ ನೂರು ಮಂದಿ, ನೆತ್ತಿ ಸುಡುವ ಬಿಸಿಲು,
ಬಾಯಲ್ಲಿ ಬರೀ "ಹೂಂ", "ಏ ಬಿಡಪಾ",
ಕೆಳಗೆ ಬೆರಳು ಬೆರಳು ಹಿಡಿದು ಸಾವಿರದ ಮಾತು.
ಎತ್ತಿಗೂ ಗೊತ್ತಿಲ್ಲ ತನ್ನ ರೇಟು.
"ನನಗಷ್ಟ ಹೇಳು" ಎಂದರೆ
ಅಪ್ಪ ಅಂಗೈ ಬಿಚ್ಚಿ ತೋರಿಸುತ್ತಿದ್ದ.
ಬರೀ ಬೆವರು.

ಏಳು ಮಾತಿನ ಗುಪ್ತಪದ ಇಡು ಎಂದ ಮೆನಿನೊ.
ಹುಟ್ಟಿದ ದಿನ ಬೇಡ, ಗಂಡನ ಹೆಸರು ಬೇಡ.
ಗಂಡನ ಹೆಸರನ್ನು ಒಡಪಿನಲ್ಲಲ್ಲದೆ
ಬಿಚ್ಚಿ ಹೇಳಿದವಳಲ್ಲ ನಮ್ಮವ್ವ;
ನಮ್ಮ ಕಡೆ ಅದೂ ಒಂದು ಬೀಗವೇ.
ನಾನಿಟ್ಟ ಏಳು ಮಾತು ಇಲ್ಲಿ ಬರೆಯುವುದಿಲ್ಲ,
ಕವಿತೆಗೂ ಅಷ್ಟು ಸಲಿಗೆಯಿಲ್ಲ.

ಭಾನುವಾರ ಫಕೀರವ್ವ ಬಂದಳು, ಸಿಮೆಂಟು ಒಣಗಿದ ಸೆರಗು.
ಹೋದ ಸಲದ ಮೂವರಲ್ಲಿ ಒಬ್ಬಳು.
ಕೆಲಸ ಹೋಗಿದೆ. ತುಟಿಯ ಗಾಯ ಮಾಗಿದೆ.
"ಮತ್ತ ಬರಕೋ" ಎಂದಳು. ಬರೆದೆ.
ಪಣಜಿಯ ವಕೀಲೆ ಲೋಟಲೀಕರರ ಕೀಲಿಕೈಯಿಂದ ಮುಚ್ಚಿದೆ.
"ಎಲ್ಲಿ, ಕೀಲಿ ಹಾಕಿದ್ದು ತೋರ್ಸು."
ಪರದೆ ತಿರುಗಿಸಿದೆ:
ಗೆರೆಗೆ ಗೆರೆ ಹೊಸೆದ ಅಕ್ಷರ, ಅಂಕಿ,
ನಡುವೆ ಉಸಿರೆಳೆಯಲು ಜಾಗವಿಲ್ಲ.

ಬೆರಳಿಟ್ಟು ನೋಡಿದಳು ಬಹಳ ಹೊತ್ತು.
"ಇದರಾಗ ವಿಶೇಷ ಏನೈತಿ?
ನನಗ ಎಲ್ಲಾ ಕಾಗದಾನೂ ಹಿಂಗ ಕಾಣ್ತಾವು.
ರೇಶನ್ ಕಾರ್ಡೂ ಅಷ್ಟ,
ಅಂವ ಹೆಬ್ಬೆಟ್ಟು ಒತ್ತಿಸ್ಕೊಂಡದ್ದೂ ಅಷ್ಟ."

ದಾಬೋಳಿಗೆ ಇಳಿಯುವ ವಿಮಾನ
ತಗಡು ನಡುಗಿಸಿ ಹೋಯಿತು.
ಸದ್ದು ಅಡಗಲಿ ಎಂದು ಕಾದು, ಮೆಲ್ಲಗೆ:
"ಗುತ್ತೇದಾರಗೂ ಹಿಂಗ ಕಾಣ್ತೈತೇನು?"
ಹೌದು.
"ಓದಾಕ ಬಂದ್ರೂ?"
ಬಂದರೂ.

ಫಕೀರವ್ವ ಎದ್ದು ಬಾಗಿಲು ಮುಂದೆ ಮಾಡಿ ಬಂದಳು,
ಕುರ್ಚಿ ಹತ್ತಿರ ಎಳೆದು ಕೂತಳು.
"ಹಂಗಾದ್ರ ಬರಕೋ.
ಹೋದ ಸಲ ಒಂದು ಬಿಟ್ಟಿದ್ದೆ."