ಸುಳಿ ಎಲೆ

ಕ್ಯಾಲೆಂಡರಿನ ಆ ಹಾಳೆ ಇನ್ನೂ ನನ್ನ ಹತ್ತಿರವಿದೆ.
ಹದಿನಾರು ದಿನ, ನೀಲಿ ಶಾಯಿಯ ಗುರುತು,
ಬೆಳಿಗ್ಗೆಗೊಂದು ರಾತ್ರಿಗೊಂದು, ಜೋಡಿ ಜೋಡಿ.
ಒಂದೂ ತಪ್ಪಿಲ್ಲ.

ನಾನು ಆಶಾ. ಹೆಸರಲ್ಲ, ಕೆಲಸ.
ಹೆಸರು ವನಮಾಲ.
ಸೀಗೆಹಟ್ಟಿಯ ನೂರಿಪ್ಪತ್ತು ಬಾಗಿಲುಗಳಲ್ಲಿ ನಿಂತು
ಒಂದೇ ಮಾತು ಹೇಳಿ ಹೇಳಿ ನಾಲಿಗೆ ಸವೆದವಳು:
ಮಾತ್ರೆ ತಪ್ಪಿಸಬೇಡಿ.

ತಮ್ಮ ತೀರ್ಥೇಶ ಬಿದ್ದದ್ದು ಗೋಪಿ ಸರ್ಕಲಿನ ಜೆರಾಕ್ಸ್ ಅಂಗಡಿಯಲ್ಲಿ.
ಮುಚ್ಚಳ ತೆರೆದೇ ಇತ್ತು. ಹಸಿರು ಬೆಳಕು ಆಚೆಯಿಂದೀಚೆಗೆ ಹರಿಯುತ್ತ
ಯಾರದೋ ರೇಷನ್ ಕಾರ್ಡಿನ ಬದಲು
ಚಾವಣಿಯ ನಕಲು ತೆಗೆಯುತ್ತಲೇ ಇತ್ತಂತೆ.
ಜನ ಅವನ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದ್ದರು.
ಒಬ್ಬ ಈರುಳ್ಳಿ ತಂದಿದ್ದ.
ನಾನು ಹೋದವಳೇ ಎಲ್ಲರಿಗೂ ಬೈದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ.
ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನಗೆ ಗೊತ್ತಿತ್ತು.

ಗೊತ್ತಿತ್ತು ಅನ್ನುವ ಮಾತನ್ನು ಈಗ
ಕಲ್ಲು ಸಿಕ್ಕ ಅನ್ನದ ಹಾಗೆ ನಿಧಾನ ಅಗಿಯುತ್ತೇನೆ.

ಹದಿಮೂರನೆಯ ದಿನ ಜ್ವರ. ಮರುದಿನ ಕಣ್ಣು ಕೆಂಪು,
ತುಟಿ ತುಂಬ ಹುಣ್ಣು, ಎದೆಯ ಮೇಲೆ ಕಂದುಗೆಂಪು ಮಚ್ಚೆ.
ಅವ್ವ ಬಾಗಿಲಿಗೆ ಬೇವು ಸಿಕ್ಕಿಸಿದಳು.
ಅಮ್ಮ ಬಂದಿದ್ದಾಳೆ, ಒಗ್ಗರಣೆ ಬೇಡ, ಸೂಜಿ ಬೇಡ,
ಯಾವ ಮಾತ್ರೆಯೂ ಬೇಡ. ಆಯಮ್ಮ ಮುನಿಯುತ್ತಾಳೆ.

ನಕ್ಕೆ ನಾನು.
ದಡಾರ ಇರಬಹುದು, ಇರಲಿ,
ಫಿಟ್ಸಿನ ಮಾತ್ರೆ ನಿಂತರೆ ಮತ್ತೆ ಬೀಳುತ್ತಾನೆ.
ಅವಳು ಹಿತ್ತಲಿಗೆ ಹೋದಾಗ ಮಾತ್ರೆ ಪುಡಿಮಾಡಿ
ಮಜ್ಜಿಗೆ ಅನ್ನದಲ್ಲಿ ಕಲಸಿ
ನುಂಗಲಾರದವನಿಗೆ ಬೆರಳ ತುದಿಯಿಂದ ತಿನ್ನಿಸಿದೆ.
ಮೂರು ದಿನ. ಗುರುತು ಹಾಕಿದೆ.

ಹದಿನೇಳರ ಬೆಳಿಗ್ಗೆ ಅಂಗಿ ತೆಗೆಯಹೋದೆ.
ಅಂಗಿಯ ಜೊತೆ ಬೆನ್ನೂ ಬಂತು.

ಮೆಗ್ಗಾನಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ
ಬಾಯೊಳಗೆ ಟಾರ್ಚು ಬಿಟ್ಟು ನೋಡಿ ಕೇಳಿದರು,
ಯಾವ ಮಾತ್ರೆ, ಎಂದಿನಿಂದ?
ನಾನು, ಏನು ಹೇಳಲಿ, ಹೆಮ್ಮೆಯಿಂದಲೇ ಹಾಳೆ ಬಿಚ್ಚಿದೆ.
ಪೆನ್ನಿನ ತುದಿ ಒಂದೊಂದೇ ಗುರುತು ದಾಟುತ್ತ ಬಂತು,
ಕೊನೆಯ ಮೂರರ ಹತ್ತಿರ ನಿಂತಿತು.
ಹುಣ್ಣಾದ ಮೇಲೂ ಕೊಟ್ಟಿರಾ?
ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಾಸಿಗೆ ಬಟ್ಟೆ ಮೈಗಂಟುತ್ತದೆ, ಬಾಳೆ ಎಲೆ ತನ್ನಿ,
ಸುಳಿ ಎಲೆ, ಸೀಳಿರಬಾರದು ಎಂದರು ಸಿಸ್ಟರ್.
ಗಾಂಧಿ ಬಜಾರಿನ ಎಲೆ ಅಂಗಡಿಯ ಮುದುಕ
ಕಟ್ಟು ಬಿಚ್ಚುತ್ತ ಕೇಳಿದ:
ಎಷ್ಟು ಪಂಕ್ತಿ? ಮದುವೆಯಾ, ತಿಥಿಯಾ?
ಒಬ್ಬನಿಗೆ, ಅಂದೆ.
ಮಾರನೆಯ ದಿನವೂ ಕೇಳಿದ. ಮೂರನೆಯ ದಿನ ಕೇಳಲಿಲ್ಲ.
ಎಳೆಯದನ್ನೇ ಆರಿಸಿ, ದಿಂಡು ತೆಳ್ಳಗೆ ಹೆರೆದು
ಒದ್ದೆ ಗೋಣಿಯಲ್ಲಿ ಸುತ್ತಿ ಎತ್ತಿಟ್ಟಿರುತ್ತಿದ್ದ.

ಅವ್ವ ವಾರ್ಡಿನ ಹೊರಗೆ ಕೂತು
ಕುದಿಸಿ ಆರಿಸಿದ ನೀರಲ್ಲಿ ಎಲೆ ಒರೆಸುತ್ತಿದ್ದಳು,
ಎರಡೂ ಮಗ್ಗುಲು, ನರದ ಗುಂಟ.
ನಾನು ಹೇಳಿರಲಿಲ್ಲವಾ ಎಂಬ ಒಂದು ಮಾತು
ಇಪ್ಪತ್ತೆರಡು ದಿನದಲ್ಲಿ ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ.
ಅವಳ ಕಾರಣ ತಪ್ಪಿತ್ತು. ನನ್ನದು ಸರಿಯಿತ್ತು.

ಬದುಕಿದ. ಉಗುರು ಕಳಚಿ ಮತ್ತೆ ಬಂದವು.
ಅತ್ತರೆ ಕಣ್ಣೀರು ಬರುವುದಿಲ್ಲ, ಗಂಟೆಗೊಮ್ಮೆ ಹನಿ ಬಿಡಬೇಕು.
ಹಸಿರು ಬೆಳಕು ಚುಚ್ಚುತ್ತದೆಂದು ಜೆರಾಕ್ಸ್ ಬಿಟ್ಟ.
ಬಿಡುವ ಮುಂಚೆ ತನ್ನ ಚೀಟಿಗೆ ತಾನೇ ಲ್ಯಾಮಿನೇಷನ್ ಮಾಡಿಕೊಂಡ:
ಇವನಿಗೆ ಕೊಡಬಾರದ ಮಾತ್ರೆಗಳು, ಕೆಂಪು ಅಕ್ಷರದಲ್ಲಿ.
ಈಗ ಬೇರೆ ಮಾತ್ರೆ. ಅವನೇ ನುಂಗುತ್ತಾನೆ.
ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಏನಾದರೂ ತೊಳೆಯುತ್ತಿರುತ್ತೇನೆ.

ಬಾಗಿಲು ಬಾಗಿಲಲ್ಲಿ ಈಗಲೂ ಹೇಳುತ್ತೇನೆ, ತಪ್ಪಿಸಬೇಡಿ.
ಹೇಳಿ ಹೊರಟುಬಿಡುವುದಿಲ್ಲ.
ಸ್ವಲ್ಪ ಬಾಯಿ ತೆರೆಯಿರಿ, ನೋಡೋಣ, ಅನ್ನುತ್ತೇನೆ.

ಮೊನ್ನೆ ಹೊಳೆಹೊನ್ನೂರಿನಲ್ಲಿ ಸೋದರತ್ತೆಯ ಹೊಸ ಮನೆ.
ಎಲೆ ಹಾಕಿದರು. ಎಲ್ಲರೂ ನೀರು ಚಿಮುಕಿಸಿ, ಒರೆಸಿ, ಕೊಡವಿದರು.
ಅವನೂ ಚಿಮುಕಿಸಿದ. ಅಂಗೈ ಇಟ್ಟ.
ತೆಗೆಯಲಿಲ್ಲ.
ಬಡಿಸುವ ಹುಡುಗ ಕೋಸಂಬರಿಯ ಸೌಟು ಹಿಡಿದು
ನಿಂತೇ ಇದ್ದ.