ಕಾಲಂ ನಲವತ್ತೊಂದು

ನಮ್ಮ ಊರು ಅರ್ಜಿ ಹಾಕಿದ್ದು ನನ್ನ ಬೆರಳಿಂದ.
ಯಾರೂ ನಂಬೂದಿಲ್ಲ, ಬಿಡ್ರಿ.
ಗಾಂಧಿ ಚೌಕದ ಹಿಂದ, ಚಹಾದಂಗಡಿ ಮ್ಯಾಲ,
ಕಬ್ಬಿಣದ ಮೆಟ್ಟಲ ಹತ್ತಿ ಬಂದು
ಹುಣಶ್ಯಾಳ ಸಾಹೇಬರು ಕಡತ ಇಟ್ಟು ಅಂದ್ರು:
'ಇಪ್ಪತ್ತೆರಡು ದೇಶದ ಹುಡುಗ್ರ ಆಟ, ಹನ್ನೊಂದು ದಿನ.
ವಿಜಯಪುರಕ್ಕ ಕೊಡ್ರಿ ಅಂತ ಕೇಳೂದು.
ನಾಳೆ ಮುಂಜಾನೆ ಧಾರವಾಡಕ್ಕ ಹೋಗಬೇಕು,
ಇಂಗ್ಲಿಷ್ ಮಾಡೂ ಮಾಸ್ತರಿಗೆ.
ಕರೆಂಟ್ ಅದ ಅಲ್ಲ?'

ಇತ್ತು. ಆಗ ಇತ್ತು.

ಮದುವಿ ಕಾರ್ಡಿನ ಗಣಪತಿಯನ್ನ ಬದಿಗೆ ಸರಿಸಿ
ಹೊಸಾ ಪುಟ ತೆರದೆ. ಅರವತ್ತಮೂರು ಕಾಲಂ.
ಒಂದು: ನಗರದ ಹೆಸರು.
ಬಿಜಾಪುರ ಅಂತ ಹೊಡದು, ಅಳಿಸಿ, ಮತ್ತ ಹೊಡದೆ;
ಬೆರಳಿಗೆ ಇನ್ನೂ ಹಳೇ ರೂಢಿ.
ಏಳು: ಮೂರು ನಕ್ಷತ್ರದ ಮ್ಯಾಲಿನ ಹೋಟೆಲ್ ಕೋಣೆ ಎಷ್ಟು?
ಸಾಹೇಬರು ಕಿಡಕಿ ಹೊರಗ ನೋಡಿದ್ರು,
ನಕ್ಷತ್ರ ಅಲ್ಲೇ ಎಣಿಸವರ ಹಂಗ.
'ಕಲ್ಯಾಣ ಮಂಟಪ ಹಿಡದರ ಎಷ್ಟಾಗ್ತಾವು?'
ಹದಿನೆಂಟು: ಈಜುಕೊಳ, ಐವತ್ತು ಮೀಟರ್.
ತಾಜ ಬಾವಡಿ ನೆನಪಾತು ಇಬ್ಬರಿಗೂ.
ನಕ್ವಿ. ಸುಮ್ಮನಾದ್ವಿ.
'ಪ್ರಸ್ತಾವಿತ ಅಂತ ಹಾಕು,' ಅಂದ್ರು.

ಆ ರಾತ್ರಿ ಆ ಶಬ್ದ
ಹತ್ತೊಂಬತ್ತು ಸಲ ಹೊಡದೆ.
ಪ್ರಸ್ತಾವಿತ ಕ್ರೀಡಾಗ್ರಾಮ, ಪ್ರಸ್ತಾವಿತ ಪೂಲು, ಪ್ರಸ್ತಾವಿತ ನೆರಳು.
ಕಡೀಕ ಇಡೀ ಊರನ
ಇನ್ನೂ ಕಟ್ಟದ ಊರಾಗಿ ಕಂಡು ಜೀವ ಝಲ್ಲಂತು;
ಕೆಳಗ ಸ್ಟೋವ್ ಹೊತ್ತಿಸಿದ ಸಪ್ಪಳ ಕೇಳಿ ಸಮಾಧಾನಾತು.

ಸಾಹೇಬರು ಹೋದ ಮ್ಯಾಲ ಉಳದದ್ದು ನಲವತ್ತೊಂದು:
ಗಾಳಿ. ದಿಕ್ಕು, ವೇಗ.
ಗಾಳಿಗೆ ಪ್ರಸ್ತಾವಿತ ಅನ್ನಾಕ ಬರೂದಿಲ್ಲ.

ಐದಕ್ಕ ಟಿಕೋಟಾ ರಸ್ತೆಗೆ ಹೋದೆ.
ದಸ್ತಗೀರ ಮಾಸ್ತರು ಮೈಲಿಗಲ್ಲಿನ ಮ್ಯಾಲ ಕುಂತು
ಕತ್ತಲಿಗೆ ಕಿವಿ ಕೊಟ್ಟಿದ್ರು.
ಚೈನಿನ ಸಪ್ಪಳದ ಮ್ಯಾಲ ಹೇಳ್ತಾರ ಅವರು,
ಯಾರು ಬಂದ್ರು, ಯಾರು ದಣದ್ರು,
ಯಾರು ರಾತ್ರಿ ಊಟ ಬಿಟ್ಟಾರ.
ಆರು ಸೈಕಲ್. ಮುಂದ ಸೇವಂತಿ ರಾಠೋಡ,
ತಾಂಡಾದ ಹುಡುಗಿ, ಹದಿನಾರು,
ಮೊಣಕಾಲಿಗೆ ಡಾಂಬರು ಕೊಟ್ಟ ಹಳೇ ಗುರುತು.

'ಗಾಳಿ ಹೆಂಗಿರತದವ್ವಾ ಇಲ್ಲೆ?'

ನೀರು ಕುಡದು, ಬಾಯಿ ಒರಸಕೊಂಡು ಅಂದ್ಲು:
'ಶ್ರಾವಣದಾಗ ಹೋಗುವಾಗ ಎದೀಗೆ, ಬರುವಾಗ ಬೆನ್ನಿಗೆ.
ದೀಪಾವಳಿ ದಾಟಿದರ ತಿರುಗತದ.
ತೊರವಿ ಏರಿನಾಗ ಮಾತ್ರ
ಎರಡೂ ಕಡೆಯಿಂದ ಬಡೀತದ್ರಿ, ಯಾಕಂತ ಗೊತ್ತಿಲ್ಲ.
ವೇಗ ಅಂದ್ರ... ಸಜ್ಜಿ ಬಾಗೂವಷ್ಟು.'

ಹಂಗ ಹೊಡದೆ, ಒಂದಕ್ಷರ ಬಿಡದ.
ಸಾಹೇಬರು ಓದದ ಸಹಿ ಮಾಡಿದ್ರು.

ತಿಂಗಳ ಬಿಟ್ಟು ನಾಕು ಮಂದಿ ನೋಡಾಕ ಬಂದ್ರು.
ಊರಿಗೆ ಸುಣ್ಣ ಬಡದ್ರು, ಅವರ ಗಾಡಿ ಹೋಗೂವಷ್ಟು ಊರಿಗೆ.
ಹಂದಿಗಳನ್ನ ಎಲ್ಲಿಗೆ ಕಳಿಸಿದ್ರೋ.
ಟಾಂಗಾದ ಕುದುರಿಗೆ ಚೆಂಡು ಹೂವಿನ ಮಾಲಿ,
ಅದು ಅರ್ಧಾ ಮಾಲಿ ತಿಂದು ನಿಂತಿತ್ತು.
ಗುಮ್ಮಟದ ಮ್ಯಾಲ ಬಿಳೇ ಕೂದಲಿನಾಕಿ ಒಬ್ಬಾಕಿ
ಒಮ್ಮೆ ಚಪ್ಪಾಳೆ ತಟ್ಟಿದಳಂತ.
ಏಳು ಸಲ ತಿರುಗಿ ಬಂತಂತ.
ಶಕುನ ಅಂದ್ರು ಸಾಹೇಬರು.

ಮತದ ದಿನ ಚಹಾದಂಗಡ್ಯಾಗ
ಮೊಬೈಲನ್ನ ಬಿಸ್ಕೀಟಿನ ಡಬ್ಬಿಗೆ ಆನಿಸಿ ನೋಡಿದ್ವಿ.
ಮೂರು ಊರು ಕಣದಾಗ.
ನಮಗ ಬಿದ್ದದ್ದು ಒಂದು ಓಟು.
'ಗುಮ್ಮಟದಾಗ ಎಣಿಸಿದ್ರ ಏಳಾಗ್ತಿತ್ತು,' ಅಂದ ಯಾವನೋ.
ಎಲ್ಲಾರೂ ನಕ್ರು, ಸಾಹೇಬರೂ ನಕ್ರು.
ನೂರರ ನೋಟು ಕೊಟ್ಟು ಇಳದು ಹೋದ್ರು,
ಚಿಲ್ಲರೆ ಇಸಕೊಳ್ಳದ.

ಮುಂದಿನ ಶ್ರಾವಣಕ್ಕ ಕಡತ ತಿರುಗಿ ಬಂತು.
ರದ್ದಿಗೆ ಹಾಕೂ ಮುಂಚೆ ತಿರುವಿ ನೋಡಿದೆ.
ಧಾರವಾಡದ ಮಾಸ್ತರಿಗೆ ಶಬ್ದ ಸಿಕ್ಕಿಲ್ಲ,
ಸಜ್ಜಿಯನ್ನ ಸಜ್ಜಿ ಅಂತನ ಬಿಟ್ಟಾರ.
ಅದರ ಮುಂದ ಪೆನ್ಸಿಲ್ಲಿನಾಗ ಒಂದು ಪ್ರಶ್ನೆ ಗುರುತು.
ಆಮ್ಯಾಲ ಅದನ್ನ ಹೊಡದು ಹಾಕಿ,
ಅದ ಪೆನ್ಸಿಲ್, ಅದ ಕೈ,
ಅಂಚಿನಾಗ ಸಣ್ಣದೊಂದು ತೆನಿ ಬರದದ.
ಬಲಕ್ಕ ಬಾಗೇದ. ನಕಾಶೆ ಲೆಕ್ಕದಾಗ ಮೂಡಲಕ್ಕ.
ಸರಿ ಐತಿ ದಿಕ್ಕು.

ಹರದು ಒಯ್ದು ಸೇವಂತಿಗೆ ತೋರಿಸಿದೆ.
ಒಂದು ಕಾಲು ನೆಲಕ್ಕ ಊರಿ, ಹಾಳಿ ಹಿಡದು,
ಭಾಳ ಹೊತ್ತು ನೋಡಿ ಅಂದ್ಲು:
'ಇಷ್ಟ್ಯಾಕ ಬಾಗಸ್ಯಾರ್ರಿ? ಮುರೀತದ ಅದು.'
ಹಾಳಿ ನನ್ನ ಕೈಯಾಗ ಕೊಟ್ಟು
ಎದಿ ಬಗ್ಗಿಸಿ ಹೊಂಟ್ಲು
ಪಡುವಲಕ್ಕ.